ಮರದ ಉಳಿಕೆ ಸುಟ್ಟು ಶಾಖ, ಕರೆಂಟು: ಸರ್ಕಾರ ಬೆಂಬಲ ಕೊಡಬೇಕೇ?

ಸಾಮಿಲ್‌ಗಳಲ್ಲಿ, ಪಲ್ಪ್ (ಕಾಗದ ಮಾಡುವ ಮರದ ನಾರಿನ ಮುದ್ದೆ) ಕಾರ್ಖಾನೆಗಳಲ್ಲಿ ಉಳಿಯುವ ತೊಗಟೆ, ಹೊಟ್ಟು, ಚಕ್ಕೆಗಳನ್ನು ಸುಟ್ಟು ಶಾಖ ಮತ್ತು ವಿದ್ಯುತ್ ಎರಡನ್ನೂ ತೆಗೆಯುವ ಘಟಕಗಳಿಗೆ ಜನರ ದುಡ್ಡು ಹಾಕಬೇಕೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಹೇಗೂ ಬೀಳುವುದನ್ನು ಹಾಳು ಮಾಡುವುದೇಕೆ?

ಒಂದು ದಿಮ್ಮಿ ಗರಗಸಕ್ಕೆ ಹೋದರೆ ಹಲಗೆಯಾಗಿ ಹೊರಗೆ ಬರುವುದು ಸುಮಾರು ಅರ್ಧ ಭಾಗ ಅಷ್ಟೇ. ದುಂಡು ಮರದಲ್ಲಿ ಚೌಕ ತೆಗೆಯಬೇಕು ಅಂದ ಮೇಲೆ ಅಂಚು ಹೋಗಲೇಬೇಕು. ಮಿಕ್ಕಿದ್ದು ತೊಗಟೆ, ಚಕ್ಕೆ, ಹೊಟ್ಟು. ಚಕ್ಕೆಯನ್ನು ಪಲ್ಪ್ ಮಿಲ್‌ನವರು ಕೊಳ್ಳುತ್ತಾರೆ. ತೊಗಟೆ ಯಾರಿಗೂ ಅಷ್ಟಾಗಿ ಬೇಡ. ಅದನ್ನು ಸುಮ್ನೆ ರಾಶಿ ಹಾಕಿಟ್ಟರೆ ಒಳಗೊಳಗೇ ಕೊಳೆತು ಬಿಸಿಯಾಗುತ್ತದೆ. ದೊಡ್ಡ ರಾಶಿಗೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳುವುದೂ ಉಂಟು.

ಅದೇ ಮಿಲ್‌ಗೆ ಶಾಖ ಬೇಕೇ ಬೇಕು. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಹಲಗೆ ಸೊಟ್ಟಗಾಗದಂತೆ, ಬಿರುಕು ಬಿಡದಂತೆ ಒಣಗಬೇಕಾದರೆ ದಿನಗಟ್ಟಲೆ ಬಿಸಿಗಾಳಿ ಹಾಯಿಸಬೇಕು. ಪಕ್ಕದಲ್ಲೇ ತೊಗಟೆ ಬಿದ್ದಿರುವಾಗ ಇದಕ್ಕೆ ಎಣ್ಣೆಯೋ ಗ್ಯಾಸೋ ತರಿಸುವುದು ಯಾವ ಬುದ್ಧಿವಂತಿಕೆ?

ಹೀಗೆ ಶಾಖ, ಕರೆಂಟು ಎರಡನ್ನೂ ತೆಗೆಯುವ ಸಹವಿದ್ಯುತ್ ಘಟಕದಲ್ಲಿ ಬಾಯ್ಲರ್‌ನ ಹಬೆ ಮೊದಲು ಟರ್ಬೈನ್ ತಿರುಗಿಸುತ್ತದೆ. ಒತ್ತಡ ಇಳಿದು ಹೊರಬರುವ ಹಬೆಯಲ್ಲಿ ಇನ್ನೂ ಬೇಕಾದಷ್ಟು ಶಾಖ ಇರುತ್ತದೆ. ಅದು ಹಲಗೆ ಒಣಗಿಸಲು, ಕಾಗದದ ಯಂತ್ರಕ್ಕೆ, ಇಲ್ಲವೇ ಊರಿನ ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಗೆ ಹೋಗುತ್ತದೆ. ಮರ ಸುಟ್ಟು ಬರೀ ಕರೆಂಟು ತೆಗೆಯುವ ಸ್ಥಾವರದಲ್ಲಿ ಇಂಧನದ ಶಕ್ತಿಯ 30 ಶೇಕಡದ ಆಸುಪಾಸು ಕೈಗೆ ಸಿಗುತ್ತದೆ, ಮಿಕ್ಕಿದ್ದು ನೀರಿಗೂ ಗಾಳಿಗೂ ಹೋಗುತ್ತದೆ. ಎರಡನ್ನೂ ತೆಗೆದರೆ 80ರಿಂದ 90 ಶೇಕಡ ಉಪಯೋಗಕ್ಕೆ ಬರುತ್ತದೆ.

ಪಲ್ಪ್ ಕಾರ್ಖಾನೆಯ ಕಥೆ ಇನ್ನೂ ಸೊಗಸು. ಕ್ರಾಫ್ಟ್ ವಿಧಾನದಲ್ಲಿ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಬೆರೆಸಿದ ನೀರಿನಲ್ಲಿ ಒತ್ತಡದಲ್ಲಿ ಬೇಯಿಸುತ್ತಾರೆ. ನಾರು ಬಿಡಿಯಾಗುತ್ತದೆ. ನಾರನ್ನು ಹಿಡಿದಿಟ್ಟಿದ್ದ ಲಿಗ್ನಿನ್ ಕರಗಿ ಕರ್ರಗಿನ ದ್ರಾವಣವಾಗುತ್ತದೆ. ಇದೇ ಬ್ಲ್ಯಾಕ್ ಲಿಕ್ಕರ್. ಮರದ ಸುಮಾರು ಅರ್ಧ ಭಾಗ ಈ ಕಪ್ಪು ನೀರಿನಲ್ಲೇ ಇರುತ್ತದೆ. ಅದನ್ನು ಗಟ್ಟಿಯಾಗುವ ತನಕ ಬತ್ತಿಸಿ ರಿಕವರಿ ಬಾಯ್ಲರ್‌ನೊಳಗೆ ಚಿಮ್ಮಿಸುತ್ತಾರೆ. ಮರದ ಅಂಶ ಉರಿದು ಹಬೆ ಕೊಡುತ್ತದೆ. ರಾಸಾಯನಿಕಗಳು ಕರಗಿ, ಕೆಂಪಗೆ ಕಾದ ರಸವಾಗಿ ತಳಕ್ಕೆ ಇಳಿಯುತ್ತವೆ. ಅದನ್ನು ಹೊರಗೆ ಹರಿಸಿ, ನೀರಿನಲ್ಲಿ ಕರಗಿಸಿ, ಸುಣ್ಣ ಹಾಕಿದರೆ ಮತ್ತೆ ಬೇಯಿಸುವ ದ್ರಾವಣ ರೆಡಿ. ಸುಡದೇ ಬಿಟ್ಟರೆ ಶಕ್ತಿಯೂ ಹೋಯಿತು, ರಾಸಾಯನಿಕವೂ ಹೋಯಿತು, ಆ ಕಪ್ಪು ನೀರು ಹೊಳೆಗೆ ಸೇರುವ ಭಯ ಬೇರೆ.

ಇದು ಕಾಗದದ ಮೇಲಿನ ಲೆಕ್ಕವೂ ಅಲ್ಲ. ಫಿನ್ಲೆಂಡಿನ ಆನೆಕೋಸ್ಕಿಯಲ್ಲಿ 2017ರಲ್ಲಿ ಶುರುವಾದ ಪಲ್ಪ್ ಕಾರ್ಖಾನೆ ತನಗೆ ಬೇಕಾದ ವಿದ್ಯುತ್ತಿನ 2.4 ಪಟ್ಟು ತಾನೇ ಉತ್ಪಾದಿಸುವಂತೆ ಕಟ್ಟಿದ್ದು. ಸ್ವೀಡನ್ನಿನ ವೆಕ್ಷೊ ಪಟ್ಟಣ 1980ರಲ್ಲೇ ಊರಿನ ಬಿಸಿನೀರಿನ ಜಾಲಕ್ಕೆ ಎಣ್ಣೆಯ ಜೊತೆ ಮರದ ಇಂಧನ ಬಳಸತೊಡಗಿತು. 1991ರಲ್ಲಿ ಸ್ವೀಡನ್ ಇಂಗಾಲದ ತೆರಿಗೆ ಹಾಕಿದ ಮೇಲೆ ಬೇರೆ ಊರುಗಳೂ ಅದೇ ದಾರಿ ಹಿಡಿದವು. ಬಾಯ್ಲರ್, ಟರ್ಬೈನ್, ನೆಲದಡಿಯ ಕೊಳವೆ ಎಲ್ಲಕ್ಕೂ ಮೊದಲೇ ದೊಡ್ಡ ಮೊತ್ತ ಸುರಿಯಬೇಕು. ಆ ಮೊದಲ ಹೆಜ್ಜೆಗೆ ಸರ್ಕಾರ ಕೈ ಹಿಡಿದರೆ ತಪ್ಪೇನು?

ವಿರೋಧ: ಬೆಲೆ ಬಂದ ಮೇಲೆ ಅದು ಉಳಿಕೆ ಅಲ್ಲ

ಬ್ಲ್ಯಾಕ್ ಲಿಕ್ಕರ್ ವಿಷಯದಲ್ಲಿ ತಕರಾರಿಲ್ಲ. ಆದರೆ ಅದಕ್ಕೆ ಬೆಂಬಲ ಯಾಕೆ ಬೇಕು? ಕಾರ್ಖಾನೆಗಳು 1930ರ ದಶಕದಿಂದಲೂ ತಮ್ಮ ಲಾಭಕ್ಕಾಗಿಯೇ ರಿಕವರಿ ಬಾಯ್ಲರ್ ಉರಿಸುತ್ತಿವೆ. ದುಡ್ಡು ತೋರಿಸಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕ 2009ರಲ್ಲಿ ನೋಡಿತು. ಪರ್ಯಾಯ ಇಂಧನವನ್ನು ಪಳೆಯುಳಿಕೆ ಇಂಧನದ ಜೊತೆ ಬೆರೆಸಿದರೆ ಗ್ಯಾಲನ್‌ಗೆ 50 ಸೆಂಟ್ ರಿಯಾಯಿತಿ ಎಂಬ ನಿಯಮ ಅಲ್ಲಿತ್ತು. ಕಾಗದದ ಕಂಪನಿಗಳು ಮಾಡಿದ್ದೇನು ಗೊತ್ತಾ? ಅಷ್ಟು ವರ್ಷ ಹಾಗೇ ಸುಡುತ್ತಿದ್ದ ಬ್ಲ್ಯಾಕ್ ಲಿಕ್ಕರ್‌ಗೆ ಒಂಚೂರು ಡೀಸೆಲ್ ಬೆರೆಸಿದವು. ನೂರಾರು ಕೋಟಿ ಡಾಲರ್ ಕಂಪನಿಗಳ ಜೇಬಿಗೆ ಹೋಯಿತು.

ಇನ್ನು ದೊಡ್ಡ ಘಟಕಗಳು. ಒಮ್ಮೆ ಕಟ್ಟಿದ ಬಾಯ್ಲರ್ ಹಲವು ದಶಕ ನಡೆಯಬೇಕು. ಸಾಮಿಲ್‌ನ ವ್ಯಾಪಾರ ಬಿದ್ದ ವರ್ಷವೂ ಅದರ ಹೊಟ್ಟೆ ತುಂಬಬೇಕು. ಫಿನ್ಲೆಂಡಿನ ಪಿಯೆಟರ್ಸಾರಿಯಲ್ಲಿ 2001ರಲ್ಲಿ ಬಂದ ಆಲ್ಹೋಲ್ಮೆನ್ಸ್ ಕ್ರಾಫ್ಟ್ ಘಟಕ ಈ ಬಗೆಯಲ್ಲಿ ಜಗತ್ತಿನ ಅತಿ ದೊಡ್ಡದೆಂದು ಹೆಸರು ಮಾಡಿತು. ಅಲ್ಲಿ ಮರದ ಜೊತೆ ಸುಟ್ಟಿದ್ದು ಪೀಟ್, ಅಂದರೆ ಜೌಗಿನಿಂದ ಅಗೆದು ತೆಗೆದ ಇಂಧನ. ಅಷ್ಟೇ ಶಾಖಕ್ಕೆ ಕಲ್ಲಿದ್ದಲಿಗಿಂತ ಜಾಸ್ತಿ ಇಂಗಾಲ ಬಿಡುವಂಥದ್ದು. 2022ರಲ್ಲಿ ರಷ್ಯಾದಿಂದ ಮರ ಬರುವುದು ನಿಂತಾಗ ಫಿನ್ಲೆಂಡ್, ಸ್ವೀಡನ್‌ಗಳಲ್ಲಿ ಉರಿಸುವ ಮರದ ಬೆಲೆ ಏರಿತು. ಬರೀ ಉಳಿಕೆಯೇ ಸಾಕಾಗಿದ್ದರೆ ಗಡಿಯಾಚೆಯ ಮರ ಯಾಕೆ ಬೇಕಿತ್ತು?

ಇಂಗಾಲದ ಲೆಕ್ಕವನ್ನೂ ನೋಡಿ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐಪಿಸಿಸಿಯ ಪಟ್ಟಿಯ ಪ್ರಕಾರ ಒಂದು ಗಿಗಾಜೂಲ್ (ಶಕ್ತಿಯ ಒಂದು ಅಳತೆ) ಶಾಖಕ್ಕೆ ಮರ ಸುಮಾರು 112 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಕಲ್ಲಿದ್ದಲು ಸುಮಾರು 95, ನೈಸರ್ಗಿಕ ಅನಿಲ 56. ಆದರೂ ಇಂಧನದ ಖಾತೆಯಲ್ಲಿ ಮರಕ್ಕೆ ಸೊನ್ನೆ ಬರೆಯುತ್ತಾರೆ, ಯಾಕೆಂದರೆ ಕಾಡು ಕಡಿದಾಗಲೇ ಅದನ್ನು ಕಾಡು-ಜಮೀನಿನ ಖಾತೆಗೆ ಹಾಕಿರಬೇಕು. ಹಾಕಿದ್ದಾರಾ ಎಂದು ಬಾಯ್ಲರ್ ಮಾಲೀಕ ಕೇಳುವುದಿಲ್ಲ. ಹೊಟ್ಟು ಹೇಗೂ ಕೆಲವು ವರ್ಷಗಳಲ್ಲಿ ಕೊಳೆಯುತ್ತದೆ ಅನ್ನಿ, ಒಪ್ಪೋಣ. ಆದರೆ ನೆಲದಲ್ಲಿ ಬಿಟ್ಟರೆ ದಶಕಗಟ್ಟಲೆ ಉಳಿಯುವ ಬೊಡ್ಡೆಗಳನ್ನೂ ಕಿತ್ತು ಸುಟ್ಟಿದ್ದಾರೆ. ಇನ್ನು ಅದೇ ಹೊಟ್ಟು ಪಾರ್ಟಿಕಲ್ ಬೋರ್ಡ್ ಆದರೆ ಯಾರದೋ ಮನೆಯ ಬೀರುವಾಗಿ ವರ್ಷಗಟ್ಟಲೆ ಇಂಗಾಲ ಹಿಡಿದಿಡುತ್ತದೆ. ಸುಡುವವರಿಗೆ ಸಬ್ಸಿಡಿ ಕೊಟ್ಟರೆ ಬೋರ್ಡ್ ಮಾಡುವವರಿಗೆ ಕಚ್ಚಾ ಮಾಲು ದುಬಾರಿ.

80-90 ಶೇಕಡದ ಮಾತೂ ಶಾಖ ಕೊಳ್ಳುವವರು ಇರುವ ತನಕ ಮಾತ್ರ. ಬಿಸಿನೀರನ್ನು ಕರೆಂಟಿನಂತೆ ದೂರ ಕಳಿಸಲು ಆಗುವುದಿಲ್ಲ. ಬೇಸಿಗೆಯಲ್ಲಿ ಮನೆಗಳಿಗೆ ಶಾಖ ಅಷ್ಟಾಗಿ ಬೇಡ. ಆಗ ಘಟಕ ನಿಲ್ಲಬೇಕು, ಇಲ್ಲವೇ ಶಾಖ ಚೆಲ್ಲಿ ಕರೆಂಟು ಮಾಡಬೇಕು. ಚೆಲ್ಲಿದ ಮೇಲೆ ಅದು ಸಹವಿದ್ಯುತ್ ಹೇಗಾಗುತ್ತದೆ?

ಐರೋಪ್ಯ ಒಕ್ಕೂಟ 2023ರಲ್ಲಿ ತಿದ್ದಿದ ಕಾನೂನು ಗರಗಸಕ್ಕೆ ಯೋಗ್ಯವಾದ ದಿಮ್ಮಿ, ಬೊಡ್ಡೆ, ಬೇರು ಸುಡುವುದಕ್ಕೆ ನೇರ ಹಣಕಾಸು ನೆರವು ಕೊಡಕೂಡದು ಎನ್ನುತ್ತದೆ. ಒಳ್ಳೆಯದೇ. ಆದರೆ ಒಮ್ಮೆ ಚಿಪ್ಸ್ ಆದ ಮೇಲೆ ಲಾರಿಯಲ್ಲಿ ಬಂದದ್ದು ಬೊಡ್ಡೆಯೋ, ಒಳ್ಳೆ ದಿಮ್ಮಿಯೋ, ಸಾಮಿಲ್‌ನ ಅಂಚೋ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ನೆರವು ಕೊಡಲೇಬೇಕು ಅನ್ನುವವರು ಮೊದಲು ಮರ ಎಲ್ಲಿಂದ ಬಂತು ಎಂಬ ದಾಖಲೆ ಕೇಳಲಿ. ದುಡ್ಡನ್ನು ಸುಟ್ಟ ಟನ್ನಿಗೆ ಕೊಡದೆ, ಮೀಟರ್ ಹಾಕಿ ಅಳೆದು, ಒಬ್ಬರು ಕೊಂಡು ಬಳಸಿದ ಶಾಖಕ್ಕೆ ಕೊಡಲಿ.