ಗುರಿ ಸ್ಪಷ್ಟವಾದರೆ ಸಾಲದು, ತಲೆ ಸರಿಸಿ ನೋಡಿ

ಹಳೆಯ ಅನರ್ಟ್ಲ್, ಲೈಮನ್ ಕಂಪನಿಗಳ ಸ್ಕೋಪುಗಳ (ರೈಫಲ್ ಮೇಲೆ ಕೂರಿಸುವ ದುರ್ಬೀನು) ಬಗ್ಗೆ ನೀವು ಬರೆದದ್ದನ್ನು ಓದಿ ತುಂಬಾ ಖುಷಿಯಾಯಿತು. ಆದರೆ ಮುಂದಿನ ಲೆನ್ಸಿನ ಉಂಗುರ ತಿರುಗಿಸಿ ಗುರಿ ಸ್ಪಷ್ಟವಾದರೆ ಪ್ಯಾರಲಾಕ್ಸ್ (ಕಣ್ಣು ಸರಿದಾಗ ಸ್ಕೋಪಿನೊಳಗಿನ ಗೆರೆ ಗುರಿಯ ಮೇಲೆ ಜಾರಿದಂತೆ ಕಾಣುವ ದೋಷ) ಹೋಯಿತು ಅಂತ ಬರೆದಿದ್ದೀರಿ. ಅಷ್ಟೇ ಸಾಲದು.

ಮೊದಲು ಖಾಲಿ ಗೋಡೆ ನೋಡುತ್ತಾ, ಕಣ್ಣಿನ ಕಡೆಯ ಲೆನ್ಸನ್ನು ಕ್ರಾಸ್‌ಹೇರ್ (ಗುರಿ ಹಿಡಿಯುವ ಅಡ್ಡ-ಉದ್ದ ಗೆರೆ) ಚೂಪಾಗಿ ಕಾಣುವಂತೆ ಹೊಂದಿಸಿ ಬಿಗಿ ಮಾಡಬೇಕು. ಆಮೇಲೆ ಗುಂಡು ತೆಗೆದ ರೈಫಲ್ಲನ್ನು ಮರಳಿನ ಚೀಲದ ಮೇಲಿಟ್ಟು, ಅದನ್ನು ಮುಟ್ಟದೆ ತಲೆಯನ್ನಷ್ಟೇ ಆಚೀಚೆ ಸರಿಸಿ. ಗೆರೆ ಗುರಿಯ ಮೇಲೆ ಜಾರಿದರೆ ಉಂಗುರವನ್ನು ಚೂರೇ ಚೂರು ತಿರುಗಿಸಿ ಮತ್ತೆ ನೋಡಿ. ಜಾರುವುದು ನಿಂತ ಜಾಗವೇ ಸರಿಯಾದ ಜಾಗ.

ಪ್ರಾಣಿ-ಪಕ್ಷಿಗಳ ಆಕಾರದ ಲೋಹದ ಗುರಿಗಳಿಗೆ ಹೊಡೆಯುವ ಸಿಲೂಯೆಟ್ ರೈಫಲ್ ಸ್ಪರ್ಧೆಯಲ್ಲಿ ಇದು ಮುಖ್ಯ, ಅಲ್ಲಿ ನಿಂತೇ ಹೊಡೆಯಬೇಕು. ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರುವುದಿಲ್ಲ, ಅಲ್ವಾ? ಸ್ಮಾಲ್‌ಬೋರ್‌ನಲ್ಲಿ (.22 ರೈಫಲ್ ವಿಭಾಗ) ಗುರಿಗಳ ದೂರ ಹೀಗೆ: ಕೋಳಿ 40 ಮೀಟರ್, ಹಂದಿ 60, ಟರ್ಕಿ 77, ಟಗರು 100. 32 ಮಿಲಿಮೀಟರ್ ಅಗಲದ ಮುಂದಿನ ಲೆನ್ಸನ್ನು 40 ಮೀಟರಿಗೆ ಹೊಂದಿಸಿ ಹಾಗೇ ಟಗರಿಗೆ ಹೊಡೆದರೆ, ಕಣ್ಣು ಪೂರ್ತಿ ಅಂಚಿಗೆ ಸರಿದಾಗ ಸುಮಾರು 24 ಮಿಲಿಮೀಟರ್ ತಪ್ಪುತ್ತದೆ. 100ಕ್ಕೆ ಹೊಂದಿಸಿ ಕೋಳಿಗೆ ಹೊಡೆದರೆ 10ಕ್ಕಿಂತ ಕಡಿಮೆ.

ಇನ್ನೊಂದು ಮಾತು. ಈ ಅಮೆರಿಕನ್ ಸ್ಕೋಪುಗಳ ಅಳತೆ ಗಜದಲ್ಲಿ. 100 ಮೀಟರ್ ಅಂದರೆ 109 ಗಜ. ಉಂಗುರದ ಮೇಲೆ ಕೆತ್ತಿದ ದೂರದ ಗುರುತನ್ನು ಸುಮ್ನೆ ನಂಬಬೇಡಿ. ನಾಲ್ಕೂ ದೂರಕ್ಕೆ ಪರೀಕ್ಷೆ ಮಾಡಿ, ಉಂಗುರದ ಮೇಲೆ ಟೇಪ್ ಅಂಟಿಸಿ ನಿಮ್ಮದೇ ಗೆರೆ ಎಳೆದುಕೊಳ್ಳಿ.