ಪಾಯ ಗಟ್ಟಿ ಇರಬೇಕು

"ಮಾವ, ಫಸ್ಟ್ ಯಾವುದು ಕಲೀಲಿ?"

ನಮ್ಮ ಮನೆಯಲ್ಲಿ ಈ ಪ್ರಶ್ನೆ ಈಗ ಊಟಕ್ಕೆ ಕೂತಾಗ ಬರುತ್ತದೆ, ಹಾಸಿಗೆ ಹಾಸುವಾಗ ಬರುತ್ತದೆ. ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡ ಮೇಲೂ ಬರುತ್ತದೆ. ಕೇಳುವವನು ನನ್ನ ಅಕ್ಕನ ಮಗ. ಕುಂದಾಪುರದಲ್ಲಿ ಬಿಕಾಂ ಮುಗಿಸಿ, ಮುಂಬಯಿಯಲ್ಲಿ ಏನಾದರೂ ಆಗುತ್ತದೆ ಅಂತ ಡೊಂಬಿವಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಗೆ ಬಂದಿದ್ದಾನೆ. ಹಿಂದೆಲ್ಲ ಹೀಗೆ ಬಂದವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗುತ್ತಿದ್ದರು. ಇವನು ಪ್ರೋಗ್ರಾಮಿಂಗ್ ಕಲಿಯುತ್ತಾನಂತೆ. ಕಲಿಯಲಿ, ಒಳ್ಳೆಯದೇ. ಆದರೆ ಯಾವ ಲ್ಯಾಂಗ್ವೇಜಿನಿಂದ ಶುರು ಮಾಡೋದು ಅನ್ನೋದೇ ಇನ್ನೂ ತೀರ್ಮಾನವಾಗಿಲ್ಲ. ಮಳೆಗಾಲದಲ್ಲಿ ಬಂದವನು. ಗಣಪತಿ ಹೋಯಿತು, ದಸರಾನೂ ಹೋಯಿತು. ಒಂದು ಸಾಲು ಬರೆದಿಲ್ಲ.

ಬರೆದಿರೋದು ಒಂದು ಎಕ್ಸೆಲ್ ಶೀಟು ಮಾತ್ರ. ಲ್ಯಾಂಗ್ವೇಜಿನ ಹೆಸರು, ಸುಲಭವೋ ಕಷ್ಟವೋ, ಸಂಬಳ ಎಷ್ಟು, ಮುಂದೆ ಭವಿಷ್ಯ ಇದೆಯೋ ಇಲ್ಲವೋ. ಕೊನೇ ಕಾಲಂ "ಯಾರು ಹೇಳಿದ್ದು". ಅದೊಂದೇ ಪೂರ್ತಿ ತುಂಬಿದೆ.

ಯಾಕೆಂದರೆ ಹೇಳುವವರಿಗೇನು ಬರಗಾಲ? ಬೆಳಗ್ಗೆ ಫಾಸ್ಟ್ ಲೋಕಲಿನಲ್ಲಿ ನಮ್ಮದೊಂದು ಇಸ್ಪೀಟಿನ ಗುಂಪಿದೆ. ಸುಮ್ನೆ ಮಾತಿಗೆ ಅಂತ ವಿಷಯ ತೆಗೆದೆ. ಠಾಣೆ ಬರೋದರೊಳಗೆ ಎಲೆಗಳು ಮಡಿಲಲ್ಲೇ ಉಳಿದವು. ಒಬ್ಬರ ಮಗಳು ಸಿಬಿಎಸ್‌ಇ ಹನ್ನೊಂದನೇ ಕ್ಲಾಸು. ಅಲ್ಲಿ ಮೊದಲು ಸಿ ಪ್ಲಸ್ ಪ್ಲಸ್ ಇತ್ತು, ಈಗ ಪೈಥಾನ್, ಹಾಗಾಗಿ ಪೈಥಾನ್. ಇನ್ನೊಬ್ಬರು ಜಾವಾಸ್ಕ್ರಿಪ್ಟ್ ಅಂದರು. ಬ್ರೌಸರ್ ಒಂದಿದ್ದರೆ ಸಾಕು, ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ನನಗೆ ಈ ಮಾತು ಬಹಳ ಹಿಡಿಸಿತು, ಯಾಕೆಂದರೆ ಅವನು ಇನ್‌ಸ್ಟಾಲ್ ಮಾಡೋದು ನನ್ನ ಲ್ಯಾಪ್‌ಟಾಪಿಗೆ. ಆಗ ಕಿಟಕಿ ಪಕ್ಕದವರು, "ಅದನ್ನ ಹತ್ತೇ ದಿನದಲ್ಲಿ ಮಾಡಿ ಬಿಸಾಕಿದ್ದು ಕಣ್ರೀ" ಅಂದರು. ನಿಜವೇ. 1995ರಲ್ಲಿ ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು ಹತ್ತು ದಿನದಲ್ಲಿ ಮಾಡಿದ್ದರು. ಹತ್ತು ದಿನದಲ್ಲಿ ಒಂದು ಲ್ಯಾಂಗ್ವೇಜ್ ಹುಟ್ಟಿದೆ. ನಮ್ಮವನಿಗೆ ಇಷ್ಟು ತಿಂಗಳಲ್ಲಿ ಒಂದನ್ನು ಆರಿಸೋಕೆ ಆಗಿಲ್ಲ. ಕುರ್ಲಾದಲ್ಲಿ ಹತ್ತಿದವರೊಬ್ಬರು, ನಮಗೆ ಗುರುತೇ ಇಲ್ಲದವರು, ನೇತಾಡುತ್ತಲೇ, "ಈಗ ಎಲ್ಲ ಎಐ ಬರೆಯುತ್ತೆ, ಕಲಿತು ಏನು ಮಾಡ್ತಾನೆ?" ಅಂದು ದಾದರಿನಲ್ಲಿ ಇಳಿದುಹೋದರು.

ಇನ್ನು ನನ್ನ ಭಾಮೈದ. ಪುಣೆಯ ಹಿಂಜೆವಾಡಿಯಲ್ಲಿ ಕೆಲಸ, ಇಡೀ ಸರ್ವಿಸೇ ಜಾವಾದಲ್ಲಿ. ಭಾನುವಾರ ಫೋನ್ ಸ್ಪೀಕರಿಗೆ ಹಾಕಿ ಪಾಠ ಶುರು ಮಾಡಿದ.

"ಬರ್ಕೋ. ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್."

"ಪಬ್ಲಿಕ್ ಅಂದ್ರೆ ಏನು?"

"ಅದು ಆಮೇಲೆ ಗೊತ್ತಾಗುತ್ತೆ."

"ಸ್ಟ್ಯಾಟಿಕ್?"

"ಅದೂ ಆಮೇಲೆ."

"ವಾಯ್ಡ್?"

"ನೀನು ಸುಮ್ನೆ ಬರ್ಕೋ ಮಾರಾಯ!"

ಹೆಸರು ತೋರಿಸೋ ಒಂದು ಪ್ರೋಗ್ರಾಮಿಗೆ ಇಷ್ಟೊಂದು ಆಮೇಲೆ. ಫೋನ್ ಇಟ್ಟ ಮೇಲೆ ಹುಡುಗ ಶೀಟಿನಲ್ಲಿ ಜಾವಾದ ಮುಂದೆ "ಆಮೇಲೆ" ಅಂತಲೇ ಬರೆದ.

ಆದರೆ ಇವರೆಲ್ಲ ಹೇಳಿ ಬಿಡುವವರು. ಹೇಳಿದ್ದನ್ನೇ ಹೇಳುತ್ತಾ ಬಿಡದೇ ಇರುವವರು ನಮ್ಮ ಮೂರನೇ ಮಹಡಿಯ ರಾಯರು. ಧಾರವಾಡದವರು, ಬ್ಯಾಂಕಿನಿಂದ ರಿಟೈರ್ ಆದವರು. ಅವರದು ಒಂದೇ ಮಾತು: ಪಾಯ. ನಮ್ಮ ಬಿಲ್ಡಿಂಗಿನ ನೀರಿನ ಟಾಕಿ ಸೋರಿದರೂ ಪಾಯ, ಸೊಸೈಟಿ ಮೀಟಿಂಗಿನಲ್ಲಿ ಜಗಳ ಆದರೂ ಪಾಯ, ಹುಡುಗರಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ಬರದಿದ್ದರೂ ಪಾಯ. ಪ್ರೋಗ್ರಾಮಿಂಗಿನ ಸುದ್ದಿ ಅವರ ಕಿವಿಗೆ ಬಿದ್ದದ್ದೇ ತಡ, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಬಂದರು.

"ಮೊದಲ ಸಿ ಕಲಿ ತಮ್ಮಾ. ಪಾಯ ಗಟ್ಟಿ ಇರಬೇಕು."

ಹುಡುಗ ಧೈರ್ಯ ಮಾಡಿ, "ಸಿ ತುಂಬಾ ಹಳೇದು ಅಂತಾರಲ್ಲ ಅಂಕಲ್, 1972ರ ಹೊತ್ತಿನದು. ಪೈಥಾನ್..." ಅಂದ.

"ಪೈಥಾನ್ ಎದರಾಗ ಬರದಾರ ಗೊತ್ತದ ಏನು?"

ಗೂಗಲ್ ಮಾಡಿದ. ನಾವೆಲ್ಲ ಬಳಸೋ ಪೈಥಾನನ್ನು ಬರೆದಿರೋದೇ ಸಿಯಲ್ಲಿ. ರಾಯರು ನನ್ನ ಕಡೆ ತಿರುಗಿ ಒಂದು ನಗು ನಕ್ಕರು. ಅದಾದ ಮೇಲೆ ಒಂದು ವಾರ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅದೇ ನಗು.

ಮುಂದಿನ ಭಾನುವಾರ ಬೆಳಗ್ಗೆ, ನಾವಿನ್ನೂ ತಿಂಡಿ ತಿನ್ನುತ್ತಿದ್ದಾಗಲೇ, ಪೆನ್ ಡ್ರೈವ್ ಹಿಡಿದು ಹಾಜರಾದರು. ಅದರಲ್ಲಿ ಟರ್ಬೋ ಸಿ, ಅಂದರೆ ಸಿ ಪ್ರೋಗ್ರಾಮ್ ಬರೆದು ಓಡಿಸೋ ಸಾಫ್ಟ್‌ವೇರ್. ವಿಂಡೋಸಿಗೂ ಮುಂಚಿನ ಡಾಸ್ ಕಾಲದ್ದು, ಹಾಗೇ ಹಾಕಿದರೆ ಈಗಿನ ವಿಂಡೋಸ್ ತಗೊಳ್ಳಲ್ಲ. ಅದಕ್ಕೆ ಡಾಸ್‌ಬಾಕ್ಸ್ ಅಂತ ಇನ್ನೊಂದನ್ನು ಹಾಕಬೇಕು. ಹಾಕಿದರು. ನೀಲಿ ಪರದೆ ಬಂತು. ರಾಯರ ಮುಖ ಅರಳಿತು. ಆಮೇಲೆ ಮೌಸ್ ಆ ನೀಲಿ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿತು, ಏನು ಮಾಡಿದರೂ ಹೊರಗೆ ಬರಲಿಲ್ಲ. ನನ್ನ ಹೆಂಡತಿಗೆ ಆನ್‌ಲೈನಲ್ಲಿ ಕರೆಂಟ್ ಬಿಲ್ ಕಟ್ಟಬೇಕಿತ್ತು, ಅವತ್ತೇ ಕೊನೇ ದಿನ. "ಒಂದ ನಿಮಿಷ ತಂಗಿ" ಅಂದರು ರಾಯರು. ಕಂಟ್ರೋಲ್ ಎಫ್ 10 ಒತ್ತಿದರೆ ಮೌಸ್ ಬಿಡುಗಡೆ ಆಗುತ್ತದೆ ಅಂತ ಗೊತ್ತಾಗೋ ಹೊತ್ತಿಗೆ ಎರಡು ಸಲ ಕಾಫಿ ಆಗಿತ್ತು.

ಕೊನೆಗೂ ಪ್ರೋಗ್ರಾಮ್ ಬರೆದಾಯಿತು. 'ಹಲೋ ವರ್ಲ್ಡ್' ಅಂತ ಪರದೆ ಮೇಲೆ ತೋರಿಸೋದು, ಅಷ್ಟೇ. ರಾಯರು ಎಲ್ಲರನ್ನೂ ಕರೆದರು. ನಾನು, ನನ್ನ ಹೆಂಡತಿ, ಹುಡುಗ, ಸಾಲದ್ದಕ್ಕೆ ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗಿ. ಎಲ್ಲರೂ ಲ್ಯಾಪ್‌ಟಾಪ್ ಸುತ್ತ ನಿಂತೆವು. ರಾಯರು ಗುಂಡಿ ಒತ್ತಿದರು. ಪರದೆ ಒಂದು ಸಲ ಮಿಂಚಿತು, ಮತ್ತೆ ನೀಲಿ.

"ಬಂತು! ನೋಡಿದ್ರಿಲ್ಲೋ?"

ಯಾರೂ ನೋಡಿರಲಿಲ್ಲ. ಇನ್ನೊಮ್ಮೆ ಒತ್ತಿದರು. ಮಿಂಚಿತು, ನೀಲಿ. "ಈಗ?" ನನ್ನ ಹೆಂಡತಿ ಮರ್ಯಾದೆಗೆ "ಹಾಂ, ಏನೋ ಕಂಡ ಹಾಗಾಯ್ತು" ಅಂದಳು. ಹುಡುಗ ಮೊಬೈಲಿನಲ್ಲಿ ವಿಡಿಯೋ ಮಾಡಿ ನಿಧಾನವಾಗಿ ನೋಡೋಣ ಅಂದ. ಕಡೆಗೆ ರಾಯರು ಹಣೆ ಬಡಿದುಕೊಂಡು, "ಗೆಟ್‌ಚ್ ಹಾಕಿಲ್ಲ!" ಅಂದರು. ಪ್ರೋಗ್ರಾಮಿನ ಕೊನೆಯಲ್ಲಿ ಅದನ್ನು ಹಾಕಿದರೆ, ನಾವು ಒಂದು ಕೀ ಒತ್ತುವ ತನಕ ಪರದೆ ನಿಲ್ಲುತ್ತದಂತೆ. ಹಾಕಿದರು. ನಿಂತಿತು. ಕರ್ರಗಿನ ಪರದೆಯಲ್ಲಿ ಹಲೋ ವರ್ಲ್ಡ್. ಅಷ್ಟು ಹೊತ್ತಿನಲ್ಲಿ ಮಧ್ಯಾಹ್ನದ ಅನ್ನ ಆಗಿತ್ತು.

ಪಕ್ಕದ ಮನೆ ಹುಡುಗಿ, "ಇಷ್ಟೇನಾ ಅಂಕಲ್?" ಅಂದಳು. ಅವಳು ಶಾಲೆಯಲ್ಲಿ ಸ್ಕ್ರ್ಯಾಚ್ ಕಲಿಯುತ್ತಾಳೆ. ಅಮೆರಿಕದ ಎಂಐಟಿಯವರು ಮಕ್ಕಳಿಗೆ ಅಂತಲೇ 2007ರಲ್ಲಿ ಹೊರತಂದದ್ದು. ಬಣ್ಣಬಣ್ಣದ ತುಂಡುಗಳನ್ನು ಎಳೆದು ಜೋಡಿಸಿದರೆ ಆಯಿತು. ಅದರಲ್ಲಿ ಅವಳ ಬೆಕ್ಕು ವಡಾಪಾವ್ ಹಿಡಿಯುತ್ತದೆ, ಪಾಯಿಂಟ್ ಬರುತ್ತದೆ, ಮಿಯಾಂವ್ ಅನ್ನುತ್ತದೆ. ನಮ್ಮ ಬಿಕಾಂ ಹುಡುಗ ಅದನ್ನು ಆಸೆಯಿಂದ ನೋಡಿದ. ಆದರೆ ಶೀಟಿನಲ್ಲಿ ಸೇರಿಸಲಿಲ್ಲ. ಸಂಬಳದ ಕಾಲಮ್ಮಿಗೆ ಏನು ಬರೆಯೋದು?

ರಾಯರು ಊಟಕ್ಕೂ ಉಳಿದರು. ಸಾರನ್ನದ ಮಧ್ಯೆ ಸಿಯ ಪಾಯಿಂಟರ್ ಪಾಠ ಬಂತು. "ಪಾಯಿಂಟರ್ ಅಂದ್ರ ನನ್ನ ಮನಿ ನಂಬರ್ ಬರದ ಚೀಟಿ. ನಾ ಅಲ್ಲ, ಬರೀ ನಂಬರು. ಆ ಚೀಟಿ ಎಲ್ಲಿಟ್ಟದ ಅಂತ ಬರದ ಇನ್ನೊಂದು ಚೀಟಿ ಅಂದ್ರ ಡಬಲ್ ಪಾಯಿಂಟರ್."

"ಅಷ್ಟೆಲ್ಲ ಚೀಟಿ ಹಿಡ್ಕೊಂಡು ಬಂದು, ರಾಯರು ಮನೆ ಖಾಲಿ ಮಾಡಿದ್ರೆ?" ಅಂತ ನನ್ನ ಹೆಂಡತಿ ಕೇಳಿದಳು. ಕರೆಂಟ್ ಬಿಲ್ಲಿನ ಸಿಟ್ಟು ಇನ್ನೂ ಇತ್ತು.

"ಭೇಷ್ ತಂಗಿ! ಅದಕ್ಕ ಡ್ಯಾಂಗ್ಲಿಂಗ್ ಪಾಯಿಂಟರ್ ಅಂತಾರ!" ಅಂದರು ರಾಯರು.

ಹೋಗುವಾಗ ಹುಡುಗನಿಗೆ ತಮ್ಮ ಹಳೇ ನೋಟ್‌ಬುಕ್ ಕೊಟ್ಟರು. ರಾತ್ರಿ ನಾನೂ ತಿರುವಿ ಹಾಕಿದೆ. ಬ್ಯಾಂಕಿನ ಕೆಲಸ ಮುಗಿಸಿ ದಾದರಿನಲ್ಲಿ ಸಂಜೆ ಕ್ಲಾಸಿಗೆ ಹೋಗುತ್ತಿದ್ದರಂತೆ. ಕಂಪ್ಯೂಟರ್ ಮುಂದೆ ಕೂರೋಕೆ ವಾರಕ್ಕೆ ಒಂದೇ ಗಂಟೆ, ಅದೂ ಇಬ್ಬರಿಗೆ ಒಂದು. ಉಳಿದದ್ದೆಲ್ಲ ಕಾಗದದ ಮೇಲೆ. ಪ್ರತಿ ಪ್ರೋಗ್ರಾಮಿನ ಕೆಳಗೆ ಸ್ಕೇಲಿಟ್ಟು ಒಂದು ಚೌಕ ಎಳೆದು, ಅದರೊಳಗೆ ಏನು ಔಟ್‌ಪುಟ್ ಬರಬೇಕೋ ಅದನ್ನೂ ಕೈಯಲ್ಲೇ ಬರೆದಿದ್ದರು. ಅಷ್ಟರಲ್ಲಿ ಸೋಲಾಪುರಕ್ಕೆ ವರ್ಗ ಆಯಿತು. ಆಗಿನ ಬ್ಯಾಂಕು, ಕಂಪ್ಯೂಟರ್ ಅಂದರೆ ಯೂನಿಯನ್ನಿನವರು ಬಾವುಟ ಹಿಡಿಯುತ್ತಿದ್ದ ಕಾಲ. ಬರೆದದ್ದರಲ್ಲಿ ಎಷ್ಟೋ ಪ್ರೋಗ್ರಾಮುಗಳನ್ನು ರಾಯರು ಯಾವ ಕಂಪ್ಯೂಟರಿನಲ್ಲೂ ಓಡಿಸಿ ನೋಡಿಲ್ಲ.

ಅದನ್ನು ನೋಡಿದ ಮೇಲೆ ಅವರನ್ನು ಬೈಯೋದು ಸ್ವಲ್ಪ ಕಷ್ಟವಾಗಿದೆ. ಯಾರನ್ನು ಕೇಳಿದರೂ ತಾವು ಚಿಕ್ಕವರಾಗಿದ್ದಾಗ ಕಲಿತದ್ದನ್ನೇ ಹೇಳುತ್ತಾರೆ. ನಾನೂ ಬೇಸಿಕ್ ಅನ್ನೋ ಲ್ಯಾಂಗ್ವೇಜಿನ ಬಗ್ಗೆ ಬಾಯಿ ಬಿಟ್ಟೆ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಹೊಸಬರಿಗೆ ಅಂತಲೇ ಮಾಡಿದ್ದದು. ಶಾಲೆಯಲ್ಲಿ ಚಪ್ಪಲಿ ಹೊರಗೆ ಬಿಟ್ಟು ಎಸಿ ರೂಮಿಗೆ ಹೋಗಿ, ಎರಡೇ ಸಾಲಿನಲ್ಲಿ ಪರದೆ ತುಂಬಾ ನನ್ನ ಹೆಸರು ಓಡಿಸಿದ್ದೆ. ಹುಡುಗ ತಕ್ಷಣ ಮೊಬೈಲ್ ನೋಡಿ, ಬೇಸಿಕ್ ಕಲಿತವರಿಗೆ ಒಳ್ಳೇ ಪ್ರೋಗ್ರಾಮಿಂಗ್ ಕಲಿಸೋದು ಹೆಚ್ಚುಕಡಿಮೆ ಅಸಾಧ್ಯ ಅಂತ ಡೈಕ್‌ಸ್ಟ್ರಾ ಅನ್ನೋ ದೊಡ್ಡ ಕಂಪ್ಯೂಟರ್ ವಿಜ್ಞಾನಿ 1975ರಲ್ಲೇ ಬರೆದಿದ್ದಾರೆ ಅಂತ ಓದಿ ಹೇಳಿದ. ನನ್ನ ಹೆಂಡತಿ ಅದನ್ನು ಇನ್ನೊಮ್ಮೆ ಓದಿಸಿಕೊಂಡಳು.

ಕೊನೆಗೆ ನಾನೇ ಶೀಟನ್ನು ಅಳಿಸಿದೆ. ಪೈಥಾನ್, ಮುಗೀತು. ಒಂದೇ ಸಾಲಿನಲ್ಲಿ ಏನಾದರೂ ಕಾಣಿಸುತ್ತದೆ, ಗೆಟ್‌ಚ್ ಬೇಡ, ಆಮೇಲೆ ಅನ್ನೋದು ಕಮ್ಮಿ. ಅದೂ ಸಲೀಸಾಗಿ ಬಂತು ಅಂತಲ್ಲ. ಇನ್‌ಸ್ಟಾಲ್ ಮಾಡುವಾಗ, ಪೈಥಾನ್ ಎಲ್ಲಿದೆ ಅಂತ ಕಂಪ್ಯೂಟರಿಗೆ ತಿಳಿಸೋ ಪಾತ್ ಅನ್ನೋ ಚಿಕ್ಕ ಚೌಕಕ್ಕೆ ಟಿಕ್ ಹಾಕದೆ ಬಿಟ್ಟ. ಪೈಥಾನ್ ಅಂತ ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡಿತು. ಕಲಿಯೋಕೆ ಬಂದವನನ್ನು ಅಂಗಡಿಗೆ ಕಳಿಸೋದು ಯಾವ ನ್ಯಾಯ? ಆಮೇಲೆ ಸಾಲಿನ ಮುಂದೆ ಬಿಟ್ಟ ಜಾಗ ಸರಿಯಿಲ್ಲ ಅಂತ ಒಂದು ಸಂಜೆ ಪೂರ್ತಿ ಪೈಥಾನಿನಿಂದ ಬೈಸಿಕೊಂಡ. ಆದರೂ ಕೂತ. ಹಾಲಿನ ಲೆಕ್ಕ ಹಾಕೋ ಪ್ರೋಗ್ರಾಮ್ ಬರೆದ. ಒಂದನೇ ತಾರೀಕಿನಿಂದ ಮೂವತ್ತರವರೆಗೆ, ಹಾಲು ಬೇಡ ಅಂದ ದಿನ ಬಿಟ್ಟು. ನನಗೆ ಖುಷಿಯಾಗಿ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

ತಿಂಗಳ ಕೊನೆಗೆ ಹಾಲಿನ ಭಯ್ಯಾ ಬಂದ. ಹುಡುಗ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಭಯ್ಯಾ ತನ್ನ ಎಣ್ಣೆ ಜಿಡ್ಡಿನ ಡೈರಿ ನೋಡಿ, "ಏಕ್ ದಿನ್ ಕಮ್ ಹೈ" ಅಂದ. ಕಂಪ್ಯೂಟರ್ ಲೆಕ್ಕ, ತಪ್ಪೋಕೆ ಸಾಧ್ಯವೇ ಇಲ್ಲ ಅಂದ ಹುಡುಗ. ಹದಿನೈದು ನಿಮಿಷ ಬಾಗಿಲಲ್ಲೇ ವಾದ. ಭಯ್ಯಾನೇ ಸರಿ. ಪೈಥಾನಿನಲ್ಲಿ ಒಂದರಿಂದ ಮೂವತ್ತು ಅಂತ ರೇಂಜ್ ಕೊಟ್ಟರೆ ಅದು ಇಪ್ಪತ್ತೊಂಬತ್ತಕ್ಕೇ ನಿಲ್ಲುತ್ತದೆ. ಕೊನೆಯದನ್ನು ಎಣಿಸಲ್ಲ.

"ಇದು ಮೊದಲೇ ಯಾಕೆ ಯಾರೂ ಹೇಳಲಿಲ್ಲ?" ಅಂತ ಹುಡುಗ ಜೋರಾಗಿ ಕೇಳಿದ. ತುಸು ಜಾಸ್ತಿಯೇ ಜೋರಾಗಿ. ಮೇಲೆ ಮೂರನೇ ಮಹಡಿಯಲ್ಲಿ ಬಾಗಿಲು ತೆಗೆದ ಸದ್ದಾಯಿತು. ನಾನು ಭಯ್ಯಾನ ಕೈಗೆ ಬಾಕಿ ದುಡ್ಡು ತುರುಕಿ, ಹುಡುಗನನ್ನು ಒಳಗೆಳೆದು, ಚಿಲಕ ಹಾಕಿದೆ.