ಯಾವ ಚಮಚ?

ಇವತ್ತು ತುಮಕೂರಿನ ಮಂಡಿಪೇಟೆಯಲ್ಲಿ ಜಗಳ ಆಡಿ ಬಂದಿದ್ದೇನೆ. ಜಗಳ ಅಂದರೆ ಪೂರ್ತಿ ಜಗಳವೂ ಅಲ್ಲ, ಕೂಗಾಡಿದ್ದು ನಾನೊಬ್ಬಳೇ. ಎದುರಿಗಿದ್ದವರು ಪಾಪ, ಸುಮ್ಮನೆ ನಿಂತಿದ್ದರು. ಬಿಪಿ ಇನ್ನೂ ಇಳಿದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತು ಇದ್ದವರು ಓದಿ.

ತಂಗಿ ಮಗಳು ಬಾಣಂತಿ ಅಂತ ನಿಮಗೆಲ್ಲ ಗೊತ್ತು. ಮಗುವಿನ ಫೋಟೋ ಹಾಕಿ ಹಾಕಿ ನಿಮ್ಮ ತಲೆ ತಿಂದಿದ್ದೇನಲ್ಲ. ಬಾಣಂತಿ ಖಾರ ಮಾಡೋಣ ಅಂತ ಮಾಮೂಲಿ ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ಒಣಶುಂಠಿ, ಓಮ, ಹಿಪ್ಪಲಿ, ಮೆಣಸು, ಜಾಯಿಕಾಯಿ ಅಂತ ಚೀಟಿ ಕೊಟ್ಟು ನಿಂತಿದ್ದೆ. ಪಕ್ಕಕ್ಕೆ ಒಬ್ಬ ಹುಡುಗ ಬಂದ. ಇಪ್ಪತ್ತೈದು ಇರಬಹುದು, ಜಿಮ್ ತೋಳು. ಮೊಬೈಲ್ ಮುಂದೆ ಹಿಡಿದು, "ಅಂಕಲ್, ಕೌಂಚ್ ಬೀಜ್ ಪೌಡರ್ ಇದೆಯಾ?" ಅಂದ. ಯಜಮಾನರು ಕನ್ನಡಕ ಏರಿಸಿ ಫೋಟೋ ನೋಡಿ, "ನಸುಗುನ್ನಿ ಬೀಜ ಅನ್ನಪ್ಪ" ಅಂದರು.

ನನಗೆ ನಗು ಬಂತು. ನಮ್ಮ ಬೇಲಿಯ ಬಳ್ಳಿ ಹಿಂದಿ ಹೆಸರು ಇಟ್ಟುಕೊಂಡು ರೀಲ್ಸ್‌ನಲ್ಲಿ ಬಂದ ಮೇಲೇ ನಮ್ಮ ಹುಡುಗರಿಗೆ ಕಾಣೋದು.

ಅಷ್ಟರಲ್ಲಿ ಆ ಕಡೆ ನಿಂತಿದ್ದ ಹೆಂಗಸು, "ನಂಗೂ ಅದೇ ಬೇಕಿತ್ತಣ್ಣ. ಅರ್ಧ ಕೆಜಿ ಪುಡಿ ಮಾಡ್ಸಿ ಕೊಡಿ. ನಮ್ಮೆಜಮಾನ್ರಿಗೆ ಕೈ ನಡುಕ. ಮಾತ್ರೆ ನಿಲ್ಸಿಬಿಟ್ವಿ, ಅದೆಲ್ಲ ಕೆಮಿಕಲ್ಲು. ಇದಾದ್ರೆ ಬೀಜ ತಾನೇ, ಏನಾಗುತ್ತೆ?" ಅಂದರು.

ಬೀಜ ತಾನೇ, ಏನಾಗುತ್ತೆ.

ನನ್ನ ನಗು ಅಲ್ಲಿಗೆ ನಿಂತಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಸಿದ್ಧರಬೆಟ್ಟದ ಕಡೆ, ದೇವರಾಯನದುರ್ಗದ ಕಡೆ ಚಳಿಗಾಲದಲ್ಲಿ ಓಡಾಡಿದವರಿಗೆ ನಸುಗುನ್ನಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದೇ ಪರಿಚಯ ಮಾಡಿಕೊಳ್ಳುತ್ತೆ. ಅವರೆಕಾಯಿಯ ಜಾತಿಯೇ. ಆದರೆ ಕಾಯಿ ಸ್ವಲ್ಪ ಸೊಟ್ಟ, ಮೈತುಂಬ ಹೊಂಬಣ್ಣದ ಮಖಮಲ್ಲಿನಂಥ ರೋಮ. ನೋಡೋಕೆ ಎಷ್ಟು ಚೆಂದ ಅಂದರೆ ಸವರಬೇಕು ಅನಿಸುತ್ತೆ. ಸವರಿದಿರೋ, ಮುಗೀತು. ನಾನು ಐದನೇ ಕ್ಲಾಸಿನಲ್ಲಿ ಲಂಗದಲ್ಲಿ ಕಟ್ಟಿಕೊಂಡು ಬಂದು ಅಜ್ಜಿ ಕೈಲಿ ಸಗಣಿ ಬಳಿಸಿಕೊಂಡವಳು. ನೀರು ಹಾಕಿದರೆ ಇನ್ನೂ ಜಾಸ್ತಿ ಅಂತ ಅಜ್ಜಿ ಬಚ್ಚಲಿಗೂ ಬಿಡಲಿಲ್ಲ. ಆ ರೋಮದೊಳಗೆ ಮ್ಯೂಕುನೈನ್ ಅನ್ನೋ ಕಿಣ್ವ ಇರುತ್ತಂತೆ, ರೋಮ ಚರ್ಮಕ್ಕೆ ಚುಚ್ಚಿಕೊಂಡಾಗ ಅದರಿಂದ ತುರಿಕೆ ಏಳುತ್ತೆ. ಸಂಸ್ಕೃತದಲ್ಲಿ ಇದಕ್ಕೆ ಕಪಿಕಚ್ಚು ಅಂತಾರೆ, ಕೋತಿಗೂ ತುರಿಕೆ ಹತ್ತಿಸುವಂಥದ್ದು. ಇನ್ನೊಂದು ಹೆಸರು ಆತ್ಮಗುಪ್ತ. ತನ್ನನ್ನು ತಾನೇ ಕಾಯ್ದುಕೊಳ್ಳುವುದು. ಮೇಲೆ ಇಷ್ಟು ಕಾವಲು ಇಟ್ಟುಕೊಂಡ ಗಿಡ ಒಳಗೆ ಪುಟಾಣಿ ಕಡಲೆ ಇಟ್ಟುಕೊಂಡಿರುತ್ತಾ? ನೀವೇ ಹೇಳಿ.

ಒಳಗಿರೋದು ಲೆವೊಡೋಪ, ಮಿದುಳಿಗೆ ಹೋಗಿ ಡೋಪಮಿನ್ ಆಗುವ ವಸ್ತು. 1937ರಲ್ಲೇ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅನ್ನುವವರು ಈ ಬೀಜದಿಂದ ಅದನ್ನು ಬೇರ್ಪಡಿಸಿದ್ದರು. ಕೈ ನಡುಗಿಸಿ ಮೈ ಬಿಗಿಸುವ ಪಾರ್ಕಿನ್ಸನ್ ಕಾಯಿಲೆಯವರ ಮಿದುಳಲ್ಲಿ, ಕೈಕಾಲು ಹೇಳಿದ ಮಾತು ಕೇಳೋಕೆ ಬೇಕಾದ ಈ ಡೋಪಮಿನ್ ಕಡಿಮೆ ಆಗಿರುತ್ತೆ ಅಂತ ಗೊತ್ತಾದದ್ದು 1960ರ ಹೊತ್ತಿಗೆ. 1960ರ ದಶಕದ ಕೊನೆಗೆ ಅಮೆರಿಕದ ಡಾಕ್ಟರ್ ಜಾರ್ಜ್ ಕಾಟ್ಜಿಯಾಸ್ ಇದೇ ಲೆವೊಡೋಪವನ್ನು ಸ್ವಲ್ಪದಿಂದ ಶುರು ಮಾಡಿ, ಹಂತ ಹಂತವಾಗಿ ಏರಿಸಿ ಕೊಟ್ಟು, ಮರಗಟ್ಟಿ ಕೂತವರು ಎದ್ದು ಓಡಾಡುವಂತೆ ಮಾಡಿದ. ಇವತ್ತಿಗೂ ಆ ಕಾಯಿಲೆಗೆ ಮುಖ್ಯ ಮಾತ್ರೆ ಅದೇ.

ಅರ್ಥ ಆಯ್ತಲ್ಲ? ಆ ನಡುಕ ಪಾರ್ಕಿನ್ಸನ್‌ದೇ ಆಗಿದ್ದರೆ, ಆ ಹೆಂಗಸು ಯಾವ "ಕೆಮಿಕಲ್" ಬೇಡ ಅಂತ ಮಾತ್ರೆ ಬಿಟ್ಟರೋ ಅದೇ ಕೆಮಿಕಲ್ಲನ್ನು ಅರ್ಧ ಕೆಜಿ ಲೆಕ್ಕದಲ್ಲಿ ಕೊಳ್ಳೋಕೆ ಬಂದಿದ್ದಾರೆ. ಮಾತ್ರೆಯಲ್ಲಾದರೆ 100 ಮಿಲಿಗ್ರಾಂ ಅಂತ ಬರೆದಿರುತ್ತೆ. ಜೊತೆಗೆ ಕಾರ್ಬಿಡೋಪ ಅಂತ ಇನ್ನೊಂದನ್ನು ಸೇರಿಸಿರುತ್ತಾರೆ. ಇಲ್ಲದಿದ್ದರೆ ಲೆವೊಡೋಪ ಮಿದುಳಿಗೆ ಹೋಗುವ ಮೊದಲೇ ಮೈಯಲ್ಲೇ ಡೋಪಮಿನ್ ಆಗಿ ವಾಂತಿ, ತಲೆಸುತ್ತು ಬರಿಸುತ್ತೆ. ಬೀಜದ ಪುಡಿಯಲ್ಲಿ ಎಷ್ಟಿದೆ ಅಂತ ಯಾರು ಬರೆದಿರುತ್ತಾರೆ? ತಳಿಯಿಂದ ತಳಿಗೆ, ಊರಿಂದ ಊರಿಗೆ ಬೇರೆ. ಬೇಯಿಸಿದರೆ ಇನ್ನೂ ಬೇರೆ. ಒಂದು ಚಮಚಕ್ಕೆ 5 ಗ್ರಾಂ ಅಂತ ಇಟ್ಟುಕೊಳ್ಳಿ. ನೂರಕ್ಕೆ 2 ಇದ್ದರೆ 100 ಮಿಲಿಗ್ರಾಂ. ನೂರಕ್ಕೆ 5 ಇದ್ದರೆ 250. ಎರಡೂ ನೋಡೋಕೆ ಒಂದೇ ಥರದ ಪುಡಿ.

ಈ ಚಮಚದ ಲೆಕ್ಕ ನನಗೆ ಯಾಕೆ ಬಾಯಿಪಾಠ ಅಂತ ಈಗ ಹೇಳುತ್ತೇನೆ. ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಅಣ್ಣನಿಗೂ ಇದನ್ನು ಓದಿದಾಗಲೇ ಗೊತ್ತಾಗೋದು. ಬೈಯ್ಯೋದಾದರೆ ಫೋನ್ ಮಾಡಿ ಬೈಯ್ಯಣ್ಣ, ಕಮೆಂಟ್‌ನಲ್ಲಿ ಬೇಡ.

ಅಪ್ಪ ತಿಪಟೂರು ಕಡೆಯ ತೋಟದ ಮನುಷ್ಯ. ಉಂಡೆ ಕೊಬ್ಬರಿ ಸುಲಿಯೋದರಲ್ಲಿ ಅವರ ಕೈ ನೋಡಬೇಕಿತ್ತು. ಮಚ್ಚಿನ ಹಿಂಬದಿಯಿಂದ ನಾಲ್ಕು ಏಟು, ಚಿಪ್ಪು ಹೂವಿನ ಥರ ಬಿಚ್ಚಿಕೊಳ್ಳೋದು, ಉಂಡೆಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಅಂಥವರ ಬಲಗೈ ನಿಧಾನಕ್ಕೆ ಮಾತು ಕೇಳೋದು ಬಿಟ್ಟಿತು. ಮೊದಲು ಗೊತ್ತಾಗಿದ್ದು ಲೆಕ್ಕದ ಪುಸ್ತಕದಲ್ಲಿ. ದಪ್ಪ ದಪ್ಪ ಅಕ್ಷರ ಬರೆಯುತ್ತಿದ್ದವರು ಬರ್ತಾ ಬರ್ತಾ ಇರುವೆ ಸಾಲಿನ ಹಾಗೆ ಬರೆಯೋಕೆ ಶುರು ಮಾಡಿದರು. ಸಹಿ ಹೊಂದಲ್ಲ ಅಂತ ಚೆಕ್ ವಾಪಸ್ ಬಂತು. ಆಮೇಲೆ ಡಾಕ್ಟರು, ಪಾರ್ಕಿನ್ಸನ್ ಅಂತ ಹೆಸರು, ದಿನಕ್ಕೆ ಮೂರು ಹೊತ್ತು ಮಾತ್ರೆ.

ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಮಾತ್ರೆಯ ಗುಣ ಬೇಗ ಇಳಿಯೋಕೆ ಶುರುವಾಯಿತು. ಆಗ ನಮ್ಮ ಬಂಧುವೊಬ್ಬರು ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದರು. ಹೌದು, ನಸುಗುನ್ನಿ ಪುಡಿ. "ಸೈಡ್ ಎಫೆಕ್ಟ್ ಇಲ್ಲ." ನಾನು ತರಿಸಿದೆ. ಮಾತ್ರೆ ನಿಲ್ಲಿಸಲಿಲ್ಲ, ನಾನು ಬುದ್ಧಿವಂತೆ ನೋಡಿ! ಮಾತ್ರೆಯ ಜೊತೆಗೇ ಬೆಳಿಗ್ಗೆ ಸಂಜೆ ಒಂದೊಂದು ಚಮಚ ಹಾಲಿಗೆ ಕಲಸಿ ಕೊಟ್ಟೆ.

ಮೊದಲ ವಾರ ಅಪ್ಪ ತಾವೇ ಅಂಗಿ ಗುಂಡಿ ಹಾಕಿಕೊಂಡರು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಡಾಕ್ಟರುಗಳಿಗೆ ಏನು ಗೊತ್ತು ಅಂತ ಮನಸ್ಸಲ್ಲೇ ಬೀಗಿದೆ.

ಎರಡನೇ ವಾರ ಕತ್ತು ಹಾವಿನ ಥರ ಹೊರಳೋಕೆ ಶುರುವಾಯಿತು. ಕೂತಲ್ಲಿ ಕೂರೋಕಾಗದು, ಕೈಕಾಲು ತಾವಾಗೇ ಕುಣಿಯೋದು. ಎದ್ದು ನಿಂತರೆ ಕಣ್ಣು ಕತ್ತಲೆ. ಒಂದು ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿ, "ಮಗಾ, ಅಟ್ಟದ ಮೇಲೆ ಯಾರೋ ಕೂತು ಕಾಯಿ ಎಣಿಸ್ತಾವ್ರೆ. ತಪ್ಪು ಎಣಿಸ್ತಾವ್ರೆ, ಹೋಗಿ ಹೇಳು" ಅಂದರು. ಆ ಅಟ್ಟ ಖಾಲಿಯಾಗಿ ಮೂರು ವರ್ಷ ಆಗಿತ್ತು.

ಡಾಕ್ಟರು ಮೂರು ಸಲ ಕೇಳಿದರು, ಬೇರೆ ಏನಾದರೂ ಕೊಡ್ತಿದ್ದೀರಾ ಅಂತ. ಎರಡು ಸಲ ಇಲ್ಲ ಅಂದೆ. ಮೂರನೇ ಸಲಕ್ಕೆ ಬಾಯಿ ಬಿಟ್ಟೆ. ಬೈತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಎಷ್ಟು ಕೊಟ್ರಿ?" ಅಂದರು.

"ಒಂದು ಚಮಚ ಸರ್."

"ಯಾವ ಚಮಚ?"

ನನಗೆ ಉತ್ತರ ಗೊತ್ತಿರಲಿಲ್ಲ. ಕಾಫಿ ಪುಡಿ ಡಬ್ಬದ ಚಮಚ ಒಂದು, ಉಪ್ಪಿನಕಾಯಿದು ಒಂದು, ತುಪ್ಪದ್ದು ಇನ್ನೊಂದು. ದಿನಕ್ಕೆ ಕೈಗೆ ಯಾವುದು ಸಿಕ್ಕಿತೋ ಅದು. ಒಮ್ಮೊಮ್ಮೆ ತಲೆಮಟ್ಟ, ಒಮ್ಮೊಮ್ಮೆ ಗುಡ್ಡೆ. ಪುಡಿ ನಿಲ್ಲಿಸಿ, ಮಾತ್ರೆ ಹೊಂದಿಸಿ, ಅಪ್ಪ ಮೊದಲಿನಂತಾಗೋಕೆ ಒಂದು ತಿಂಗಳು ಹಿಡಿಯಿತು. ಅಪ್ಪ ಹೋಗಿದ್ದು ಅದಾಗಿ ಎಷ್ಟೋ ವರ್ಷಕ್ಕೆ, ಬೇರೆ ಕಾರಣಕ್ಕೆ. ಆದರೂ ಆ ತಿಂಗಳು ನನ್ನ ಲೆಕ್ಕದಲ್ಲಿದೆ.

ಈಗ ಕೆಲವರು ಬರ್ತೀರಿ ಅಂತ ಗೊತ್ತು. "ಹಾಗಾದ್ರೆ ನಮ್ಮ ಹಿರಿಯರು ದಡ್ಡರಾ? ಆಯುರ್ವೇದ ಸುಳ್ಳಾ?" ಅಯ್ಯೋ, ನಾನೆಲ್ಲಿ ಹಾಗಂದೆ? 2004ರಲ್ಲಿ ಲಂಡನ್ನಿನಲ್ಲಿ 8 ಜನ ಪಾರ್ಕಿನ್ಸನ್ ರೋಗಿಗಳ ಮೇಲೆ ಪರೀಕ್ಷೆ ಮಾಡಿದಾಗ 30 ಗ್ರಾಂ ನಸುಗುನ್ನಿ ಪುಡಿ ಮಾತ್ರೆಗಿಂತ ಬೇಗ ಕೆಲಸ ಮಾಡಿತ್ತು. ಹತ್ತಿರ ಹತ್ತಿರ ಅರ್ಧ ಗಂಟೆಯಲ್ಲಿ. ನಾನೇ ಹೇಳುತ್ತಿದ್ದೇನೆ, ಕೆಲಸ ಮಾಡುತ್ತೆ! ಅದೇ ನನ್ನ ತಕರಾರು ಕಣ್ರೀ. ಕೆಲಸ ಮಾಡದ ವಸ್ತು ಆಗಿದ್ದರೆ ಗುಡ್ಡೆ ಗುಡ್ಡೆ ತಿನ್ನಿ, ನನಗೇನು? ಆ 8 ಜನ ತಿಂದದ್ದು ಒಳಗೆ ಎಷ್ಟಿದೆ ಅಂತ ಅಳೆದಿಟ್ಟ ಪುಡಿ, ಪಕ್ಕದಲ್ಲಿ ಡಾಕ್ಟರು. ಉಪ್ಪಿನಕಾಯಿ ಚಮಚದಲ್ಲಲ್ಲ.

ಇನ್ನು ಹಿರಿಯರ ಮಾತು. ಅವರು ಹಸಿ ಬೀಜ ಮಿಕ್ಸಿಗೆ ಹಾಕಿ ಬಾಯಿಗೆ ಸುರಿದುಕೊಂಡವರಲ್ಲ. ಬೀಜವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹಾಲಿನ ಪಾತ್ರೆಯಲ್ಲಿ ತೂಗುಬಿಟ್ಟು ಬೇಯಿಸಿ, ಸಿಪ್ಪೆ ಹಿಚುಕಿ ತೆಗೆದು, ಒಣಗಿಸಿ ಪುಡಿ ಮಾಡುತ್ತಿದ್ದರು. ಶೋಧನೆ ಅಂತ ಅದಕ್ಕೆ ಹೆಸರೇ ಇದೆ. ಹೆಚ್ಚುಕಡಿಮೆ ನಮ್ಮ ಹಿತಕಿದ ಬೇಳೆ ಕೆಲಸ, ಆದರೆ ಹಾಲಿನಲ್ಲಿ. ಹಸಿವಿಗೆ ಇದನ್ನೇ ತಿನ್ನುವ ಕಾಡಿನ ಜನ ಕೂಡ ಮತ್ತೆ ಮತ್ತೆ ಬೇಯಿಸಿ ನೀರು ಬಸಿದು ತಿನ್ನುತ್ತಾರೆ. ಹಿರಿಯರ ಹೆಸರು ಹೇಳುವ ರೀಲ್ಸ್‌ನವರು ಹಿರಿಯರು ಪಟ್ಟ ಕಷ್ಟವನ್ನು ಮಾತ್ರ ಕಟ್ ಮಾಡಿರುತ್ತಾರೆ. ಮೂವತ್ತು ಸೆಕೆಂಡಿನಲ್ಲಿ ಹಾಲು ಉಕ್ಕಲ್ಲ ನೋಡಿ.

ಆ ಜಿಮ್ ಹುಡುಗನ ವಿಡಿಯೋನೂ ನೋಡಿದೆ. ಗಂಡಸುತನ, ಸ್ಟ್ಯಾಮಿನಾ, ಕುದುರೆ, ಸಿಂಹ, ಎಲ್ಲ ಇತ್ತು. ಇಂಥ ಜಾಹೀರಾತು ಹಾಕಬಾರದು ಅಂತ 1954ರಿಂದ ಕಾನೂನು ಇದೆ. ಕುದುರೆಗೆ ಗೊತ್ತಿಲ್ಲ ಅನಿಸುತ್ತೆ.

ಸರಿ, ಅಂಗಡಿಗೆ ವಾಪಸ್ ಬರ್ತೀನಿ. ಆ ಹೆಂಗಸಿಗೆ ಹೇಳಿದೆ, "ಅಮ್ಮ, ಪುಡಿ ಕತೆ ಆಮೇಲೆ. ಮಾತ್ರೆ ಮಾತ್ರ ಹಾಗೆ ತಟಕ್ಕಂತ ನಿಲ್ಲಿಸಬೇಡಿ. ಮೈ ಮರಗಟ್ಟಿ, ಜ್ವರ ಏರಿ ಜೀವಕ್ಕೇ ಬರುತ್ತೆ" ಅಂತ. ಮೆತ್ತಗೆ ಹೇಳಬೇಕಿತ್ತು. ನಾನು ಹೇಳಿದ್ದು ಮಂಡಿಪೇಟೆಗೆಲ್ಲ ಕೇಳುವ ಹಾಗೆ. ಅವರ ಮುಖ ಸಣ್ಣಗಾಯಿತು. "ನೀವು ಡಾಕ್ಟ್ರಾ ಅಕ್ಕ?" ಅಂದರು. ಅಲ್ಲ ಅಂದೆ. "ಮತ್ತೆ?" ಅಂದರು. ಅಪ್ಪನ ವಿಷಯ ಹೇಳೋಕೆ ಅಲ್ಲಿ ಬಾಯಿ ಬರಲಿಲ್ಲ. ಇಲ್ಲಿ ಇಷ್ಟುದ್ದ ಬರೆದೆ, ಅಲ್ಲಿ ಒಂದು ಸಾಲು ಹೇಳಲಿಲ್ಲ.

ಯಜಮಾನರು ನಡುವೆ ಬಂದು, "ಅಮ್ಮಣ್ಣಿ, ಬಿಡಿ, ನಾನು ಕಾಲು ಕೆಜಿ ಮಾತ್ರ ಕೊಡ್ತೀನಿ" ಅಂದರು. ಏನು ರಾಜಿ! ಬೀಜ ಎಲೆಕ್ಟ್ರಾನಿಕ್ ತಕ್ಕಡಿಗೆ ಬಿತ್ತು. ಕಪ್ಪಗೆ, ಮಿರಮಿರ ಹೊಳೆಯುತ್ತಾ, ಅವರೆಕಾಳಿನ ಅಣ್ಣನ ಹಾಗಿತ್ತು. 256 ತೋರಿಸಿತು. ಯಜಮಾನರು ಐದಾರು ಕಾಳು ವಾಪಸ್ ತೆಗೆದು ಸರಿಯಾಗಿ 250 ಮಾಡಿದರು. ಕೊಡುವಾಗ ಗ್ರಾಂ ಲೆಕ್ಕ.

ಆ ಹೆಂಗಸು ಪಾವಗಡದ ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಹೋದರು. ಹೆಸರು ಕೇಳಲಿಲ್ಲ, ನಂಬರ್ ತಗೊಳ್ಳಲಿಲ್ಲ. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮೂರಲ್ಲಿ ಕೈ ನಡುಗುವ ಯಜಮಾನರು ಇದ್ದರೆ, ಮಾತ್ರೆ ನಿಲ್ಲಿಸಿದ್ದಾರಾ ಅಂತ ಒಂದು ಸಲ ವಿಚಾರಿಸಿ. ಪುಡಿ ತಗೊಂಡೇ ತೀರುತ್ತೇವೆ ಅಂದರೆ ಆ ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಲಿ. ಚಮಚವನ್ನೂ ತಗೊಂಡು ಹೋಗಲಿ.

ಸಿಟ್ಟಿನಲ್ಲಿ ಹಿಪ್ಪಲಿ, ಜಾಯಿಕಾಯಿ ಎರಡೂ ಅಂಗಡಿ ಕಟ್ಟೆ ಮೇಲೇ ಬಿಟ್ಟು ಬಂದಿದ್ದೇನೆ. ನಾಳೆ ಮತ್ತೆ ಹೋಗಬೇಕು. ಯಜಮಾನರ ಮುಖ ಹೇಗೆ ನೋಡೋದೋ.